ನೆಟ್ ನಿಂತಿದ್ದು ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗಡಿ, ಗೋದಾಮು, ಸಣ್ಣ ಆಫೀಸು ನಡೆಸುವವರದ್ದು. ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ದುಡಿದವನು. ನಿವೃತ್ತಿಯಾದ ಮೇಲೆ ಶಿವಮೊಗ್ಗದಲ್ಲಿ ಇಂಥವರಿಗೇ ಕೇಬಲ್ ಎಳೆದು, ರೂಟರ್ ಕೂರಿಸಿಕೊಡುತ್ತಿದ್ದೇನೆ. ‘ನೆಟ್ ಹೋಯ್ತು’ ಅಂತ ಎಲ್ಲರೂ ಮೊದಲು ಕಂಪನಿಗೆ ಫೋನ್ ಹಚ್ಚುತ್ತಾರೆ. ನಾನು ಹೋಗಿ ನೋಡಿದರೆ ತೊಂದರೆ ಬಹುಪಾಲು ಅಂಗಡಿಯ ಬಾಗಿಲಿನ ಒಳಗೇ ಸಿಗುತ್ತದೆ. ಆ ಭಾಗ ನಿಮ್ಮದು. ತಕ್ಕಡಿ ಸರಿ ಇದೆಯಾ ಅಂತ ನೀವೇ ನೋಡಿಕೊಳ್ಳುವುದಿಲ್ಲವೇ, ಇದನ್ನೂ ಹಾಗೇ ನೋಡಿಕೊಳ್ಳಬಹುದು.

ಪ್ರಶ್ನೆ: ನಮ್ಮಲ್ಲಿ 100 ಎಂಬಿಪಿಎಸ್ ಪ್ಲಾನ್ ಇದೆ. ಮುಂದಿನ ಕೌಂಟರ್‌ನಲ್ಲಿ ಏನೂ ತೊಂದರೆಯಿಲ್ಲ. ಹಿಂದಿನ ಗೋದಾಮಿನ ಕಂಪ್ಯೂಟರ್‌ನಲ್ಲಿ ಮಾತ್ರ ಟ್ಯಾಲಿ ತುಂಬಾ ನಿಧಾನ, ಒಮ್ಮೊಮ್ಮೆ ನಡುವೆಯೇ ನಿಂತುಬಿಡುತ್ತದೆ. 200ರ ಪ್ಲಾನ್ ಹಾಕಿಸಿದರೆ ಸರಿಹೋಗುತ್ತಾ?
– ಅಡಿಕೆ ವ್ಯಾಪಾರಿ, ಸಾಗರ

ಉತ್ತರ: ದಯವಿಟ್ಟು ಈಗಲೇ ದುಡ್ಡು ಕಟ್ಟಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಟ್ಯಾಲಿಯ ಲೆಕ್ಕವೆಲ್ಲ ಮುಂದಿನ ಕೌಂಟರ್‌ನ ಕಂಪ್ಯೂಟರ್‌ನಲ್ಲಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಗೋದಾಮಿನ ಕಂಪ್ಯೂಟರ್ ಒಂದು ಬಿಲ್ ಬರೆದಾಗ ಅದು ಹೋಗುವುದು ಗೋದಾಮಿನಿಂದ ಕೌಂಟರ್‌ವರೆಗೆ, ಅಷ್ಟೇ. ಇಂಟರ್ನೆಟ್‌ಗೆ ಅದು ಕಾಲೇ ಇಡುವುದಿಲ್ಲ. ಕಂಪನಿಯ ತಂತಿ ನಾಳೆ ಕಡಿದುಹೋದರೂ ನಿಮ್ಮ ಟ್ಯಾಲಿ ಒಳಗೊಳಗೇ ಓಡಬೇಕು. ನಮ್ಮ ಕಟ್ಟಡದೊಳಗಿನ ಈ ಜಾಲಕ್ಕೆ ಲ್ಯಾನ್ ಅನ್ನುತ್ತಾರೆ. ಹೊರಗಿನ ಪ್ಲಾನ್ 200 ಆಗಲಿ 500 ಆಗಲಿ, ಲ್ಯಾನ್ ಇದ್ದ ಹಾಗೇ ಇರುತ್ತದೆ.

ಗೋದಾಮಿಗೆ ನೀವು ವೈಫೈ ಕೊಟ್ಟಿದ್ದೀರಿ. ನಡುವೆ ಜಂಬಿಟ್ಟಿಗೆ ಗೋಡೆ ಎರಡು, ಕಬ್ಬಿಣದ ಶಟರ್ ಒಂದು. ರೇಡಿಯೊ ಅಲೆಗೆ ಕಬ್ಬಿಣ ದೊಡ್ಡ ಅಡ್ಡಿ, ದಪ್ಪ ಗೋಡೆ ಅದಕ್ಕಿಂತ ಸ್ವಲ್ಪ ಕಡಿಮೆ. ರೂಟರ್ ಎರಡು ಥರದ ಅಲೆ ಬಿಡುತ್ತದೆ. 5 ಗಿಗಾಹರ್ಟ್ಸ್‌ನದು ಓಟಗಾರ, ಆದರೆ ಗೋಡೆ ದಾಟಲು ಶಕ್ತಿ ಸಾಲದು. 2.4 ಗಿಗಾಹರ್ಟ್ಸ್‌ನದು ಗೋಡೆಯನ್ನು ಅದಕ್ಕಿಂತ ಚೆನ್ನಾಗಿ ದಾಟುತ್ತದೆ, ಆದರೆ ಇಡೀ ಬೀದಿಯ ರೂಟರ್‌ಗಳು ಅದೇ ಅಲೆಯಲ್ಲಿ ಮಾತಾಡುತ್ತಿರುತ್ತವೆ. ಅಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್ ಇರುವುದು ಮೂರೇ: 1, 6, 11. ಪೇಟೆಬೀದಿಯಲ್ಲಿ ಮೂರು ಚಾನೆಲ್ ಯಾವ ಮೂಲೆಗೆ ಸಾಲುತ್ತದೆ, ಹೇಳಿ?

ನನ್ನ ಮಾತು ನಂಬುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ಉದ್ದನೆಯ ಕೇಬಲ್ ಒಂದನ್ನು ಅಂಗಡಿಯಿಂದ ಸಾಲ ತಂದು, ನೆಲದ ಮೇಲೇ ಹಾಸಿ ಗೋದಾಮಿನ ಕಂಪ್ಯೂಟರ್‌ಗೆ ಚುಚ್ಚಿ. ಒಂದು ದಿನ ಕೆಲಸ ಮಾಡಿ ನೋಡಿ. ಟ್ಯಾಲಿ ಸಲೀಸಾಗಿ ಓಡಿದರೆ ಅದೇ ಕೇಬಲ್ಲನ್ನು ಗೋಡೆಗೆ ಪೈಪಿನಲ್ಲಿ ಹಾಕಿಸಿ. ಕ್ಯಾಟ್ 6 ಅನ್ನುವ ದರ್ಜೆಯ ಕೇಬಲ್ ಸಾಕು. ಒಂದು ತುದಿಯಿಂದ ಇನ್ನೊಂದು ತುದಿಗೆ 100 ಮೀಟರ್ ಮೀರಬಾರದು. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಲು ಬಿಡಬೇಡಿ. ಎಲೆಕ್ಟ್ರಿಷಿಯನ್‌ಗಳು ಕೆಲಸ ಉಳಿಯುತ್ತದೆ ಅಂತ ಹಾಗೆ ಮಾಡುವುದು ಜಾಸ್ತಿ.

ಇನ್ನೊಂದು ವಿಷಯ. ‘100 ಅಂದರೂ ಡೌನ್‌ಲೋಡ್ 12 ಮಾತ್ರ ತೋರಿಸುತ್ತದೆ, ಮೋಸ’ ಅಂತ ಬರೆದಿದ್ದೀರಿ. ಮೋಸ ಇಲ್ಲ. ಕಂಪನಿ ಲೆಕ್ಕ ಹಾಕುವುದು ಬಿಟ್‌ನಲ್ಲಿ, ಕಂಪ್ಯೂಟರ್ ಫೈಲನ್ನು ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿ, 12.5 ಬರುತ್ತದೆ. ನಿಮಗೆ ಸಿಗಬೇಕಾದ್ದು ಸಿಗುತ್ತಿದೆ.

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿಯಲ್ಲಿ ಹಬ್ಬದ ಮುಂಚಿನ ಶನಿವಾರ ಆರು ಕೌಂಟರ್‌ಗಳೂ ಒಟ್ಟಿಗೆ ನಿಂತುಹೋದವು. ಬಂದ ಹುಡುಗ ಒಂದು ಕೇಬಲ್ ಕಿತ್ತ, ಎಲ್ಲ ಸರಿಯಾಯಿತು. ಏನಾಗಿತ್ತು ಅಂತ ಹೇಳದೆ ಹೋದ. ಮತ್ತೆ ಆದರೆ ಏನು ಮಾಡಲಿ?
– ಜವಳಿ ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಆ ಹುಡುಗ ಹೇಳದೇ ಹೋದದ್ದಕ್ಕೆ ನನಗೆ ನಿಜವಾಗಿ ಬೇಸರವಾಯಿತು. ಎರಡು ನಿಮಿಷದಲ್ಲಿ ಹೇಳಬಹುದಾದ ವಿಷಯ ಇದು.

ಕೆಲವು ವರ್ಷದ ಹಿಂದೆ ಒಂದು ಅಕ್ಕಿ ಮಿಲ್ಲಿನ ಆಫೀಸಿನಿಂದ ಹೀಗೇ ಕರೆ ಬಂತು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲ ಸತ್ತುಹೋಗಿತ್ತು. ಹೊರಗೆ ಲಾರಿಗಳು ಬಿಲ್‌ಗೆ ಕಾಯುತ್ತ ನಿಂತಿದ್ದವು. ನಾನು ಮೇಜಿನ ಕೆಳಗೆ ಬಗ್ಗಿ ಸ್ವಿಚ್ ನೋಡಿದೆ. ಸ್ವಿಚ್ ಅಂದರೆ ಎಲ್ಲ ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಚಿಕ್ಕ ಡಬ್ಬಿ. ಪ್ರತಿ ಕೇಬಲ್‌ಗೂ ಒಂದು ಹಸಿರು ದೀಪ. ಮಾಮೂಲಿ ದಿನ ಆ ದೀಪಗಳು ಒಂದೊಂದು ಒಂದೊಂದು ಥರ ಮಿನುಗುತ್ತವೆ. ಒಂದು ಸುಮ್ನೆ ಇರುತ್ತದೆ, ಇನ್ನೊಂದು ಅವಸರದಲ್ಲಿರುತ್ತದೆ. ಆವತ್ತು ಎಂಟೂ ದೀಪಗಳು ಒಂದೇ ಬಡಿತದಲ್ಲಿ, ಬಿಡುವೇ ಇಲ್ಲದೆ ಮಿನುಗುತ್ತಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ಏಳನೇ ತೂತಿನಿಂದ ಹೊರಟ ಹಳದಿ ಕೇಬಲ್ ಮೇಜಿನ ಕಾಲು ಸುತ್ತಿ ಬಂದು ಎಂಟನೇ ತೂತಿಗೇ ಸೇರಿತ್ತು. ಬೆಳಿಗ್ಗೆ ಕಸ ಗುಡಿಸಲು ಬಂದ ಅಮ್ಮ, ಕೆಳಗೆ ಬಿದ್ದಿದ್ದ ತುದಿ ನೋಡಿ, ಯಾರೋ ಕಿತ್ತಿರಬೇಕು ಅಂದುಕೊಂಡು ಖಾಲಿ ತೂತಿಗೆ ಜೋಡಿಸಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಅವರನ್ನು ಬಯ್ಯಬೇಡಿ ಅಂತ ಮಾಲೀಕರಿಗೆ ಹೇಳಿಯೇ ಬಂದೆ.

ಹೀಗಾದರೆ ಯಾಕೆ ಎಲ್ಲ ನಿಲ್ಲುತ್ತದೆ? ಕಂಪ್ಯೂಟರ್‌ಗಳು ಆಗಾಗ ಇಡೀ ಜಾಲಕ್ಕೆ ಕೇಳುವ ಹಾಗೆ ಕೂಗುತ್ತವೆ: ‘ಇಂಥ ವಿಳಾಸ ಯಾರದ್ದು?’ ಸ್ವಿಚ್ ಆ ಕೂಗನ್ನು ಬಂದ ತೂತು ಬಿಟ್ಟು ಉಳಿದ ಎಲ್ಲ ತೂತಿನಿಂದಲೂ ಹೊರಗೆ ಕಳಿಸುತ್ತದೆ. ಏಳರಿಂದ ಹೊರಟದ್ದು ಎಂಟರಿಂದ ಒಳಗೆ ಬಂತು. ಹೊಸ ಕೂಗು ಅಂದುಕೊಂಡು ಸ್ವಿಚ್ ಮತ್ತೆ ಎಲ್ಲ ಕಡೆ ಕಳಿಸಿತು. ಅದು ಮತ್ತೆ ತಿರುಗಿ ಬಂತು. ಒಂದು ಕೂಗು ಸೆಕೆಂಡಿನೊಳಗೆ ಸಾವಿರಾರು ಸುತ್ತು ಹೊಡೆಯುತ್ತದೆ, ನಿಮ್ಮ ಬಿಲ್ ಹೋಗಲು ಜಾಗವೇ ಉಳಿಯುವುದಿಲ್ಲ. ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ, 1985ರಲ್ಲಿ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಬರುವ ದಾರಿ ಕಂಡರೆ ಅದನ್ನು ಮುಚ್ಚಿಬಿಡುವ ಉಪಾಯ ಅದು. ದೊಡ್ಡ ಆಫೀಸಿನ ಸ್ವಿಚ್‌ಗಳಲ್ಲಿ ಇರುತ್ತದೆ. ನಾವು ಅಂಗಡಿಗೆ ತರುವ ಸಾದಾ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮುಂದೆ ಹಾಗಾದರೆ ದೀಪ ನೋಡಿ. ಎಲ್ಲ ಒಟ್ಟಿಗೆ ಮಿನುಗುತ್ತಿದ್ದರೆ ಒಂದೊಂದೇ ಕೇಬಲ್ ಕಿತ್ತು ಐದು ಎಣಿಸಿ. ಯಾವುದನ್ನು ಕಿತ್ತಾಗ ದೀಪಗಳು ತಣ್ಣಗಾಗುತ್ತವೋ ಅದೇ ಕಳ್ಳ. ಈ ವಾರವೇ ಪ್ರತಿ ಕೇಬಲ್‌ನ ಎರಡೂ ತುದಿಗೆ ಕಾಗದದ ಪಟ್ಟಿ ಸುತ್ತಿ ‘ಕೌಂಟರ್ 1’, ‘ಕೌಂಟರ್ 2’ ಅಂತ ಬರೆದಿಡಿ. ಬಟ್ಟೆಗೆ ಬೆಲೆಚೀಟಿ ಹಚ್ಚುವ ಹುಡುಗರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ದಿನವೆಲ್ಲ ಪ್ರಿಂಟರ್ ‘ಆಫ್‌ಲೈನ್’ ಅನ್ನುತ್ತದೆ. ಪ್ರಿಂಟರ್ ಆನ್ ಇದ್ದೇ ಇರುತ್ತದೆ.
– ಜೆರಾಕ್ಸ್ ಅಂಗಡಿ, ಹೊಸಪೇಟೆ

ಉತ್ತರ: ಪ್ರಿಂಟರ್‌ನ ಮನೆ ನಂಬರ್ ಬದಲಾಗಿದೆ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ, 192.168.1.7 ಅನ್ನುವ ಹಾಗೆ. ಅದನ್ನು ಹಂಚುವುದು ರೂಟರ್. ಕರೆಂಟ್ ಬಂದಾಗ ಮೊದಲು ಎದ್ದವರಿಗೆ ಮೊದಲ ನಂಬರ್ ಕೊಟ್ಟುಬಿಡುವ ರೂಟರ್‌ಗಳಿವೆ. ನಿನ್ನೆ 7 ಇದ್ದ ಪ್ರಿಂಟರ್ ಇವತ್ತು 9. ಕಂಪ್ಯೂಟರ್ ಮಾತ್ರ 7ರ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯಂ ಮಾಡಿಸಿ. ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮ ಸೀರೆ ಅಂಗಡಿ ಇದೆ. ಬಾಗಲಕೋಟೆಯಲ್ಲಿ ಇನ್ನೊಂದು ತೆರೆದಿದ್ದೇವೆ. ಎರಡೂ ಕಡೆಯ ಸ್ಟಾಕ್ ಒಂದೇ ಕಂಪ್ಯೂಟರ್‌ನಲ್ಲಿ ಕಾಣಬೇಕು. ಒಬ್ಬರು ಲೀಸ್ಡ್ ಲೈನ್ ಬೇಕೇ ಬೇಕು ಅನ್ನುತ್ತಾರೆ. ಬ್ರಾಡ್‌ಬ್ಯಾಂಡ್ ಸಾಕಾಗುವುದಿಲ್ಲವೇ? ಮತ್ತೆ, ಅಂಗಡಿಯ ಕ್ಯಾಮೆರಾ ಮನೆಯಿಂದ ನೋಡಲು ಆಗುತ್ತಿಲ್ಲ.
– ಸೀರೆ ವ್ಯಾಪಾರ ನಡೆಸುವ ಗೃಹಿಣಿ, ಇಳಕಲ್

ಉತ್ತರ: ನಿಮ್ಮ ವ್ಯಾಪಾರಕ್ಕೆ ಬ್ರಾಡ್‌ಬ್ಯಾಂಡ್ ಸಾಕು ಅಮ್ಮಾ. ಯಾಕೆ ಅಂತ ಹೇಳುತ್ತೇನೆ, ಮಾರಲು ಬಂದವರ ಹತ್ತಿರ ಮಾತಾಡಲು ಅನುಕೂಲವಾಗುತ್ತದೆ.

ನಿಮ್ಮ ಅಂಗಡಿಗೆ ಬಂದ ಫೈಬರ್ ನಿಮ್ಮೊಬ್ಬರದಲ್ಲ. ಎಕ್ಸ್‌ಚೇಂಜ್‌ನಿಂದ ಹೊರಟ ಒಂದೇ ಗಾಜಿನ ಎಳೆಯನ್ನು ದಾರಿಯಲ್ಲಿ ಕವಲು ಮಾಡಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಜಿಪಾನ್ ಅನ್ನುವ ಈ ವ್ಯವಸ್ಥೆಯಲ್ಲಿ ಬರುವ ದಾರಿಗೆ ಒಟ್ಟು ಸುಮಾರು 2.5 ಗಿಗಾಬಿಟ್, ಹೋಗುವ ದಾರಿಗೆ ಅದರ ಅರ್ಧ. ಎಲ್ಲರೂ ಒಟ್ಟಿಗೆ ಬಳಸುವುದು ಅಪರೂಪ, ಹಾಗಾಗಿ ನಡೆಯುತ್ತದೆ. ಲೀಸ್ಡ್ ಲೈನ್‌ನಲ್ಲಿ ಹಂಚಿಕೆ ಇಲ್ಲ. ಹೇಳಿದಷ್ಟು ವೇಗ ಹೋಗುವುದಕ್ಕೂ ಬರುವುದಕ್ಕೂ ಸಮನಾಗಿ, ಇಡೀ ದಿನ ನಿಮ್ಮದೇ. ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡಬೇಕು ಅಂತ ಬರವಣಿಗೆಯಲ್ಲಿ ಇರುತ್ತದೆ. ಬ್ಯಾಂಕಿಗೆ, ಆಸ್ಪತ್ರೆಗೆ ಅದು ಬೇಕು. ಒಂದು ಸೀರೆಯ ಬಿಲ್ ಅಂದರೆ ಕೆಲವೇ ಸಾಲು ಅಕ್ಷರ. ಅದಕ್ಕಾಗಿ ಬ್ರಾಡ್‌ಬ್ಯಾಂಡ್‌ನ ಹತ್ತಾರು ಪಟ್ಟು ಬಾಡಿಗೆ ತೆರುವುದು ಬೇಡ.

ಎರಡೂ ಅಂಗಡಿಯಲ್ಲಿ ವಿಪಿಎನ್ ಸೌಲಭ್ಯ ಇರುವ ರೂಟರ್ ಹಾಕಿಸಿ. ಇಂಟರ್ನೆಟ್ ಎಲ್ಲರೂ ಓಡಾಡುವ ಬೀದಿ. ವಿಪಿಎನ್ ನಿಮ್ಮ ಬಿಲ್ಲುಗಳನ್ನು ಬೀಗ ಹಾಕಿದ ಟ್ರಂಕಿನಲ್ಲಿಟ್ಟು ಅದೇ ಬೀದಿಯಲ್ಲಿ ಕಳಿಸುತ್ತದೆ. ಕೀಲಿಕೈ ನಿಮ್ಮ ಎರಡು ರೂಟರ್‌ಗಳ ಹತ್ತಿರ ಮಾತ್ರ. ಹಾಕಿಸುವಾಗ ಒಂದು ಮಾತು ನೆನಪಿಡಿ: ಎರಡೂ ಅಂಗಡಿಯ ಒಳವಿಳಾಸ ಬೇರೆ ಬೇರೆ ಸಾಲಿನಲ್ಲಿರಬೇಕು. ಇಳಕಲ್ಲಿನಲ್ಲಿ 192.168.1 ಇದ್ದರೆ ಬಾಗಲಕೋಟೆಯಲ್ಲಿ 192.168.2 ಮಾಡಿಸಿ. ಎರಡೂ ಕಡೆ ಒಂದೇ ಇದ್ದರೆ, ಬೇಕಾದ ಯಂತ್ರ ಈ ಊರಲ್ಲಿದೆಯೋ ಆ ಊರಲ್ಲಿದೆಯೋ ಅಂತ ರೂಟರ್‌ಗೆ ತಿಳಿಯುವುದಿಲ್ಲ. ಇದೊಂದನ್ನು ಮರೆತು ಮೂರು ಮೂರು ದಿನ ಒದ್ದಾಡಿದವರನ್ನು ನೋಡಿದ್ದೇನೆ.

ಕ್ಯಾಮೆರಾ ಕಾಣದೇ ಇರುವುದಕ್ಕೂ ವಿಳಾಸವೇ ಕಾರಣ ಇರಬೇಕು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಉಗ್ರಾಣದ ಕೊನೆಯ ಕಂತನ್ನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಿದರು. ಈಗ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ನೀವು ಹೊರಗೆ ಹೋಗಬಹುದು, ಹೊರಗಿನಿಂದ ನಿಮ್ಮನ್ನು ಹುಡುಕಿಕೊಂಡು ಬರಲು ಆಗುವುದಿಲ್ಲ. ಕಂಪನಿಗೆ ‘ಸ್ಟ್ಯಾಟಿಕ್ ಐಪಿ ಕೊಡಿ’ ಅಂತ ಕೇಳಿ, ಅಂದರೆ ನಿಮ್ಮೊಬ್ಬರಿಗೇ ಮೀಸಲಾದ, ಬದಲಾಗದ ಹೊರವಿಳಾಸ; ಸ್ವಲ್ಪ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಇಳಕಲ್ಲಿನಲ್ಲಿ ಒಂದು ತೆಗೆದುಕೊಂಡರೆ ವಿಪಿಎನ್‌ಗೂ ಅದೇ ಆಗುತ್ತದೆ. ಆಮೇಲೆ ಕ್ಯಾಮೆರಾವನ್ನೂ ಆ ವಿಪಿಎನ್ ಮೂಲಕವೇ ನೋಡಿ. ಬೀದಿಗೆ ನೇರವಾಗಿ ತೆರೆದಿಡಬೇಡಿ, ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಇವತ್ತೇ ಬದಲಿಸಿ.

ಪ್ರಶ್ನೆ: ನಮಗೆ ಟೆಲಿಕಾಂ ಒಂದು ಪಾಠ, ಕಂಪ್ಯೂಟರ್ ನೆಟ್‌ವರ್ಕ್ ಇನ್ನೊಂದು ಪಾಠ. ವ್ಯವಹಾರದಲ್ಲಿ ಎರಡೂ ಒಂದೇ ಅಲ್ವಾ? ವ್ಯತ್ಯಾಸ ಏನು?
– ಬಿ.ಕಾಂ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ ಮಗಳೇ. ನಿನ್ನ ಊರಿನಿಂದ ಬೆಳಗಾವಿ ಕಡೆ ಹೋಗುವಾಗ ಕಿತ್ತೂರು ಸಿಗುತ್ತದೆ. ರಾಣಿ ಚೆನ್ನಮ್ಮನ ಕೋಟೆಗೆ ಶಾಲೆಯಿಂದ ಹೋಗಿಯೇ ಇರುತ್ತೀಯ. ನಮ್ಮ ಇಲಾಖೆಯವರಿಗೆ ಆ ಊರು ಇನ್ನೊಂದು ಕಾರಣಕ್ಕೂ ಪ್ರೀತಿಯದು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ನಮ್ಮ ದೇಶದಲ್ಲೇ ತಯಾರಿಸಿದ ಎಕ್ಸ್‌ಚೇಂಜ್ ಮೊದಲು ಕೂತಿದ್ದು ಕಿತ್ತೂರಿನಲ್ಲಿ, 1986ರಲ್ಲಿ. 128 ಲೈನ್‌ಗಳ ಪೆಟ್ಟಿಗೆ. ಎ.ಸಿ. ಬೇಡ, ಸೆಕೆಗೂ ಧೂಳಿಗೂ ಹೆದರದ ಯಂತ್ರ. ಆಮೇಲೆ ನಾನು ಕೆಲಸ ಮಾಡಿದ ಊರುಗಳಿಗೂ ಅದೇ ಬಂತು. ಅದು ಬಂದ ದಿನ ಜನ ನೋಡಲು ಬಂದದ್ದು, ಒಬ್ಬ ಅಜ್ಜಿ ಕುಂಕುಮ ಹಚ್ಚಿ ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಳೆಯ ಟೆಲಿಫೋನ್‌ನಲ್ಲಿ ನೀನು ಬೆಂಗಳೂರಿಗೆ ಮಾತಾಡಿದರೆ, ಇಲ್ಲಿಂದ ಅಲ್ಲಿಯವರೆಗೆ ಒಂದು ದಾರಿ ನಿಮ್ಮಿಬ್ಬರಿಗೇ ಮೀಸಲು. ನೀವು ಸುಮ್ಮನೆ ಕೂತರೂ ಬೇರೆಯವರಿಗೆ ಅದು ಸಿಗದು. ಕಂಪ್ಯೂಟರ್ ಜಾಲದಲ್ಲಿ ಮೀಸಲು ಇಲ್ಲ. ಮಾಹಿತಿಯನ್ನು ಚೂರು ಮಾಡಿ ಕಳಿಸುತ್ತಾರೆ. ಒಂದು ಚೂರು ಹೆಚ್ಚೆಂದರೆ ಸುಮಾರು 1500 ಬೈಟ್. ಒಂದು ಎಂಬಿಯ ಫೋಟೊ ಹತ್ತಿರ ಹತ್ತಿರ 700 ಚೂರಾಗುತ್ತದೆ. ಪ್ರತಿ ಚೂರಿನ ಮೇಲೂ ಕಳಿಸಿದವರ, ಸೇರಬೇಕಾದವರ ವಿಳಾಸ. ಅಂಚೆ ಚೀಲದಲ್ಲಿ ಊರವರ ಕಾಗದವೆಲ್ಲ ಒಟ್ಟಿಗೆ ಹೋಗುವ ಹಾಗೆ, ಎಲ್ಲರ ಚೂರುಗಳೂ ಒಂದೇ ತಂತಿಯಲ್ಲಿ ಹೋಗುತ್ತವೆ. ಕಳೆದುಹೋದದ್ದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತಾರೆ.

ಈಗ 4ಜಿ ಫೋನಿನಲ್ಲಿ ನಿನ್ನ ಮಾತೂ ಚೂರಾಗಿಯೇ ಹೋಗುತ್ತದೆ. ಆ ಲೆಕ್ಕದಲ್ಲಿ ಎರಡು ಪಾಠ ಒಂದಾಗಿವೆ. ಆದರೂ ಪರೀಕ್ಷೆಯಲ್ಲಿ ಇದನ್ನು ಬರೆ: ಮಾತಿಗೆ ತಡ ಆಗಬಾರದು, ಲೆಕ್ಕಕ್ಕೆ ಒಂದಂಕಿಯೂ ಕಳೆಯಬಾರದು. ಹಳ್ಳಿಗಳಲ್ಲಿ ಕೆಲವು ಎಟಿಎಂಗಳ ಮೇಲೆ ಡಿಶ್ ನೋಡಿರಬಹುದು. ಅದರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಾದರೂ ಬೇಕು. ದುಡ್ಡು ತೆಗೆಯುವವರಿಗೆ ಅದು ಗೊತ್ತೇ ಆಗದು. ಅದೇ ದಾರಿಯಲ್ಲಿ ಫೋನ್ ಮಾತಾಡಿ ನೋಡು, ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುತ್ತೀರಿ. ಯಾವ ಕೆಲಸಕ್ಕೆ ಯಾವ ಜಾಲ ಅಂತ ವ್ಯಾಪಾರಿ ನಿರ್ಧರಿಸುವುದು ಇಲ್ಲಿಂದಲೇ.

ಪ್ರಶ್ನೆ: ನೆಟ್ ಇಲ್ಲದಾಗಲೂ ಯುಪಿಐ ಸ್ಪೀಕರ್ ‘ಹಣ ಬಂದಿದೆ’ ಅನ್ನುತ್ತದೆ. ಹೇಗೆ?
– ಕಿರಾಣಿ ಅಂಗಡಿ, ಶಿರಾ

ಉತ್ತರ: ಅದರೊಳಗೆ ಅದರದ್ದೇ ಸಿಮ್ ಇದೆ. ಗ್ರಾಹಕರ ಫೋನೂ ಅವರ ಸಿಮ್‌ನಲ್ಲಿದೆ. ನಿಮ್ಮ ಬ್ರಾಡ್‌ಬ್ಯಾಂಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಅವಸರದಲ್ಲಿ ಇ-ವೇ ಬಿಲ್ ಬೇಕಾದರೆ ಫೋನಿನ ಹಾಟ್‌ಸ್ಪಾಟ್ ಕಂಪ್ಯೂಟರ್‌ಗೆ ಕೊಟ್ಟು ತೆಗೆದುಬಿಡಿ. ಮಾಲು ಹತ್ತಿಸಿದ ಲಾರಿಯನ್ನು ನಿಲ್ಲಿಸಿಕೊಳ್ಳಬೇಡಿ.

ಪ್ರಶ್ನೆ: ಪ್ರತಿ ವರ್ಷ ಮೇ ತಿಂಗಳ ಗುಡುಗು ಮಳೆಗೆ ನಮ್ಮ ಹೋಂಸ್ಟೇಯ ರೂಟರ್ ಸುಟ್ಟುಹೋಗುತ್ತದೆ. ಈಗ ಫೈಬರ್ ಬಂದಿದೆ. ಆದರೂ ಸುಟ್ಟಿತು.
– ಹೋಂಸ್ಟೇ ಮಾಲೀಕರು, ತೀರ್ಥಹಳ್ಳಿ

ಉತ್ತರ: ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದು ನಿಜ. ಸಿಡಿಲು ಬಂದ ದಾರಿ ಬೇರೆ. ಮನೆಯಿಂದ ಆಚೆಯ ಕಾಟೇಜಿಗೆ ಅಂಗಳದ ಮೇಲೆ ತಾಮ್ರದ ಕೇಬಲ್ ಎಳೆದಿದ್ದೀರಿ. ಅದು ಸಿಡಿಲಿಗೆ ಹಾಸಿಕೊಟ್ಟ ದಾರಿ. ಸಿಡಿಲು ತಂತಿಗೇ ಬಡಿಯಬೇಕಂತಿಲ್ಲ, ಹತ್ತಿರದ ಮರಕ್ಕೆ ಬಡಿದರೂ ತಂತಿಯಲ್ಲಿ ಕರೆಂಟ್ ಎದ್ದುಬಿಡುತ್ತದೆ. ಎರಡು ಕಟ್ಟಡದ ನಡುವೆ ಅಷ್ಟುದ್ದ ಫೈಬರ್ ಹಾಕಿಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ತಾಮ್ರದ ಕೇಬಲ್‌ಗೆ ಜೋಡಿಸುವ ಚಿಕ್ಕ ಡಬ್ಬಿ) ಕೂರಿಸಿ. ಒಳಗೆ ಕಬ್ಬಿಣದ ತಂತಿ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ. ಇನ್ನೊಂದು ದಾರಿ ಗೋಡೆಯ ಪ್ಲಗ್. ಮೋಡ ಕಟ್ಟಿದಾಗ ಅಡಾಪ್ಟರ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಪ್ರಶ್ನೆ: ಒಂದೇ ಕ್ಯಾಟ್ 6 ಕೇಬಲ್‌ಗೆ ಒಂದು ಅಂಗಡಿಯಲ್ಲಿ ಒಂದು ರೇಟು, ಪಕ್ಕದಲ್ಲಿ ಅದರ ಅರ್ಧ. ಅಗ್ಗದ್ದು ತಂದರೆ ನಷ್ಟವೇ?
– ಹೊಸದಾಗಿ ಕ್ಯಾಮೆರಾ ಹಾಕುವ ಕೆಲಸ ಕಲಿಯುತ್ತಿರುವವನು, ಹಾಸನ

ಉತ್ತರ: ತಮ್ಮಾ, ನೀನು ಕಲಿಯುವಾಗಲೇ ಇದನ್ನು ಕೇಳಿದ್ದು ಸಂತೋಷ. ಅಗ್ಗದ್ದು ಬಹಳ ಸಲ ಅಲ್ಯೂಮಿನಿಯಂ ತಂತಿ, ಮೇಲೆ ತೆಳುವಾಗಿ ತಾಮ್ರ ಬಳಿದದ್ದು. ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಅದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸುತ್ತೀಯ ತಾನೇ? ಅಲ್ಯೂಮಿನಿಯಂ ತಡೆ ಜಾಸ್ತಿ. ದೂರದ ಕ್ಯಾಮೆರಾ ಹಗಲು ಸರಿ ಇದ್ದು, ರಾತ್ರಿ ಕೆಂಪು ದೀಪ ಹತ್ತಿದ ಕೂಡಲೇ ಸಾಯುವುದನ್ನು ಹೀಗೇ ನೋಡಿದ್ದೇನೆ.

ಒಳಗೆ ನಾಲ್ಕು ಜೋಡಿ, ಎಂಟು ತಂತಿ. ಒಂದೊಂದು ಜೋಡಿಯನ್ನೂ ಜಡೆ ಹಾಗೆ ಹೊಸೆದಿರುತ್ತಾರೆ, ಅಕ್ಕಪಕ್ಕದ ಗದ್ದಲ ಒಂದಕ್ಕೊಂದು ಹತ್ತದಿರಲಿ ಅಂತ. ತುದಿಗೆ ಕನೆಕ್ಟರ್ ಹಾಕುವಾಗ ಆ ಹೊಸೆತವನ್ನು ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಬಿಚ್ಚಬೇಡ. ಬಣ್ಣದ ಸಾಲು ಬಾಯಿಪಾಠ ಮಾಡು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಬ್ಲೇಡ್ ಇಟ್ಟುಕೊಂಡು ಹೋಗು. ಒಂದು ತಂತಿಯ ಸಿಪ್ಪೆ ಸುಲಿದು ಮೇಲ್ಮೈ ಮೆಲ್ಲಗೆ ಕೆರೆ. ಎಷ್ಟು ಕೆರೆದರೂ ಕೆಂಪಗೇ ಇದ್ದರೆ ತಾಮ್ರ. ಒಳಗೆ ಬೆಳ್ಳಗೆ ಕಂಡರೆ ಬಂಡಲ್ ಅಲ್ಲೇ ಇಟ್ಟು ಬಾ.